ದಿವಂಗತ ಡುವರ್ನೆಯ ಅರ್ಧ ಉಸಿರು

ಅನತೋಲ್ ಡುವರ್ನೆ ಸತ್ತದ್ದು ಸಾವಿರದ ಒಂಬೈನೂರ ನಲವತ್ತರ ಜುಲೈ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು ಅಂಜೂರದ ಹಣ್ಣು ತಿನ್ನುತ್ತಿದ್ದಾಗ. ಆ ಸುದ್ದಿಯನ್ನು ಮೊಟ್ಟಮೊದಲು ಲೋಕಕ್ಕೆ ತಿಳಿಸಿದವನೂ ಅವನೇ ಆದ್ದರಿಂದ ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಆದದ್ದು ಇಷ್ಟೆ. ನ್ಯೂ ಆರ್ಲಿಯನ್ಸಿನಲ್ಲಿ ಕಪ್ಪು ಜನರ ಟ್ರೆಮೆ ಕೇರಿಯಲ್ಲಿ, ಅದರಲ್ಲೂ ಸೇಂಟ್ ಫಿಲಿಪ್ ಬೀದಿಯಲ್ಲಿ, ಟೋಪಿ ಹಾಕಿಕೊಂಡು ನೋಟ್‌ಬುಕ್ಕು ಹಿಡಿದ ಬಿಳಿಯನೊಬ್ಬ ಬಂದು ಯಾರನ್ನಾದರೂ ಪೂರ್ತಿ ಹೆಸರು ಹಿಡಿದು ವಿಚಾರಿಸಿದರೆ, ಕೊಡುವ ಉತ್ತರ ಅಜ್ಜಂದಿರ ಕಾಲದಿಂದಲೂ ಒಂದೇ. ಅಂಥವನು ಒಂದೋ ಕೋರ್ಟಿನ ಕಾಗದ ತಂದಿರುತ್ತಾನೆ, ಇಲ್ಲವೇ ಸಾಲಕ್ಕೆ ಮನೆಯ ಮಂಚ ಹೊತ್ತುಕೊಂಡು ಹೋಗಲು ಬಂದಿರುತ್ತಾನೆ. ಒಳ್ಳೆಯ ಸುದ್ದಿ ತರುವವರು ಯಾರೂ ಪೂರ್ತಿ ಹೆಸರು ಹಿಡಿದು ಕೇಳುವುದಿಲ್ಲ.

"ಅನತೋಲ್ ಡುವರ್ನೆ ಅನ್ನೋರ ಮನೆ ಇಲ್ಲೆಲ್ಲಿ ಬರುತ್ತೆ?" ಎಂದು ಆ ಟೋಪಿಯವನು ಕೇಳಿದ.

"ಸತ್ತುಹೋದ," ಎಂದ ಅನತೋಲ್, ಹಣ್ಣಿನ ತೊಟ್ಟು ಉಗಿದು.

ಎದುರು ಮನೆಯ ಮೆಟ್ಟಿಲ ಮೇಲೆ ಹುರುಳಿಕಾಯಿ ಬಿಡಿಸುತ್ತಿದ್ದ ಮಿಸ್ ಓಡಿಲ್ ತಲೆ ಕೂಡ ಎತ್ತಲಿಲ್ಲ. "ಎಂದೋ ಸತ್ತ. ನಾನೇ ಹೂವಿನ ಹಾರ ಕಳಿಸಿದ್ದೆ," ಎಂದಳು.

ಒಳಗಿನಿಂದ ಅನತೋಲನ ಹೆಂಡತಿ ಯೂಲಾಲಿಯ ದನಿ ಬಂತು. "ಒಳ್ಳೇ ಸಾವು. ಯಾರಿಗೂ ತೊಂದ್ರೆ ಕೊಡ್ಲಿಲ್ಲ."

ಇಷ್ಟಾದ ಮೇಲೆ ಅಂಥವರು ಟೋಪಿ ಸರಿಮಾಡಿಕೊಂಡು ಹೊರಟುಹೋಗುವುದು ಪದ್ಧತಿ. ಆದರೆ ಈತ ಟೋಪಿ ತೆಗೆದ. ಅನತೋಲನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಕರವಸ್ತ್ರ ಹೊರಗೆಳೆದು ಬಿಕ್ಕಿಬಿಕ್ಕಿ ಅತ್ತ.

"ನಾನು ಪಿಟ್ಸ್‌ಬರ್ಗಿನಿಂದ ಬಂದಿದೀನಿ. ನನ್ನ ಹೆಸರು ಎಲ್ಬರ್ಟ್ ಫಿಂಚ್," ಎಂದು ಅವನು ಮೂಗು ಒರೆಸಿಕೊಂಡ. "ಅವರು ಇಪ್ಪತ್ತೈದನೇ ಇಸವೀಲಿ ಕಾರ್ನೆಟ್ ಊದಿದ ರೆಕಾರ್ಡು ನನ್ನ ಹತ್ರ ಇದೆ. ನಾನೂರು ಸಲ ಕೇಳಿದೀನಿ. ಅವರ ಹೆಸರು ಕಂಡುಹಿಡಿಯೋಕೇ ಮೂರು ವರ್ಷ ಆಯ್ತು. ಧ್ವನಿ ಮುದ್ರಿಸೋ ಯಂತ್ರಾನ ಕಾರಲ್ಲಿ ಹಾಕ್ಕೊಂಡು ಬಂದೆ. ಬದುಕಿದ್ದಿದ್ರೆ ಇವತ್ತೇ ಮುದ್ರಿಸ್ತಿದ್ದೆ."

ಅನತೋಲನ ಗಂಟಲಲ್ಲಿ ಅಂಜೂರ ಸಿಕ್ಕಿಕೊಂಡಿತು.

ಅವನು ಕಸುಬಿನಲ್ಲಿ ಗಾರೆ ಕೆಲಸದವನು. ಅರ್ಧ ಊರಿನ ಗೋಡೆಗಳಿಗೆ ಅವನ ಕರಣೆ ತಾಗಿತ್ತು. ಸಂಜೆ ಮತ್ತು ಭಾನುವಾರಗಳಲ್ಲಿ ತುತ್ತೂರಿಯ ಗಿಡ್ಡ ತಮ್ಮನಂತಿರುವ ಕಾರ್ನೆಟ್ ಊದುತ್ತಿದ್ದ. ಜಾಝ್ ಎಂಬ ಹೆಸರು ಬರುವ ಮೊದಲೇ ಜಾಝ್ ಊದಿದವರಲ್ಲಿ ಅವನೂ ಒಬ್ಬ. ಜೀವಮಾನದಲ್ಲಿ ಅವನ ಊದು ಯಂತ್ರದೊಳಗೆ ಹೋದದ್ದು ಒಂದೇ ಸಲ. ಇಪ್ಪತ್ತೈದನೇ ಇಸವಿಯಲ್ಲಿ ಒಂದು ಕಂಪನಿಯವರು ಪೀಠೋಪಕರಣದ ಅಂಗಡಿಯೊಂದರ ಮಹಡಿಗೆ ಯಂತ್ರ ತಂದಿದ್ದರು. ಅನತೋಲ್ ಒಮ್ಮೆ ಊದಿದ್ದಕ್ಕೇ ಯಂತ್ರದ ಮುಳ್ಳು ಎಗರಿಬಿತ್ತು. ಯಂತ್ರದವನು ಅವನನ್ನು ಕೋಣೆಯಿಂದ ಆಚೆಗೆ ಕಳಿಸಿ, ಓಣಿಯ ಕೊನೆಯಲ್ಲಿ ನಿಲ್ಲಿಸಿ, ಬಾಗಿಲು ಅರ್ಧ ತೆರೆದಿಟ್ಟ. ಯೂಲಾಲಿ ಕಟ್ಟಿಕೊಟ್ಟಿದ್ದ ಬುತ್ತಿಯ ಜೊತೆ ಅನತೋಲ್ ಅಲ್ಲೇ ನಿಂತು ಇತಿಹಾಸ ನಿರ್ಮಿಸಿದ. ರೆಕಾರ್ಡಿನ ತಟ್ಟೆಯ ಮೇಲೆ ಅಚ್ಚಾದದ್ದು ಬ್ಯಾಂಡಿನ ಯಜಮಾನನ ಹೆಸರು. ಅಂದಿನಿಂದ ಹದಿನೈದು ವರ್ಷ ಅನತೋಲನಿಗೆ ಇದ್ದದ್ದು ಒಂದೇ ಆಸೆ. ಇನ್ನೊಂದೇ ಒಂದು ಸಲ, ಕೋಣೆಯ ಒಳಗೆ ನಿಂತು ಊದಬೇಕು, ತಟ್ಟೆಯ ಮೇಲೆ ತನ್ನ ಹೆಸರು ಇರಬೇಕು.

ಅಂಥದೇ ಯಂತ್ರ ಈಗ ಹತ್ತು ಹೆಜ್ಜೆ ದೂರದಲ್ಲಿ, ಓಕ್ ಮರದ ನೆರಳಲ್ಲಿ, ಕಾರಿನೊಳಗೆ ಕೂತಿತ್ತು.

ತಕ್ಷಣ ನಿಜ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳುವವನೇ ಇದ್ದ. ಆದರೆ ಜನ್ಮದಲ್ಲಿ ಅವನಿಗಾಗಿ ಯಾರೂ ಹೀಗೆ ಅತ್ತಿರಲಿಲ್ಲ. ಇನ್ನು ಒಂದೈದು ನಿಮಿಷ ಅಳಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ.

"ನೀವು ಅವರಿಗೆ ಏನಾಗಬೇಕು?" ಎಂದ ಫಿಂಚ್.

"ಚಿಕ್ಕಪ್ಪನ ಮಗ. ಫೆಲಿಕ್ಸ್," ಎಂದುಬಿಟ್ಟ ಅನತೋಲ್.

ಫಿಂಚ್ ನೋಟ್‌ಬುಕ್ಕು ಬಿಡಿಸಿದ. ದಿವಂಗತನ ಸ್ವಭಾವ ಹೇಗಿತ್ತು? ಉದಾರಿ, ಎಂದ ಅನತೋಲ್. ರೂಪ? ಬೀದಿಯಲ್ಲಿ ನಡೆದರೆ ಹೆಂಗಸರು ಕಿಟಕಿಗೆ ಬರುತ್ತಿದ್ದರು. "ಕಿಟಕಿ ಮುಚ್ಚೋಕೆ," ಎಂದಳು ಮಿಸ್ ಓಡಿಲ್. ತೀರಿಕೊಂಡದ್ದು ಯಾವಾಗ? ಮೂವತ್ತೊಂದನೇ ಇಸವಿಯಲ್ಲಿ. ಹೇಗೆ? ಅನತೋಲ್ ಸ್ವಲ್ಪ ಯೋಚಿಸಿ, ದೊಡ್ಡ ಚರ್ಚಿನ ಸಾರುವೆಯ ಮೇಲೆ ನಿಂತು ಗೋಪುರಕ್ಕೆ ಗಾರೆ ಹಾಕುತ್ತ, ಒಂದು ಕೈಯಲ್ಲಿ ಕರಣೆ, ಇನ್ನೊಂದರಲ್ಲಿ ಕಾರ್ನೆಟ್ ಹಿಡಿದು ಊದುತ್ತಿದ್ದಾಗ ಎಂದು ಶುರುಮಾಡಿ ಹತ್ತು ನಿಮಿಷ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಕಣ್ಣಲ್ಲಿ ನೀರು ಬಂತು.

"ಹೆಂಡತಿ?"

"ಒಬ್ಬಳನ್ನ ಬಿಟ್ಟುಹೋದ. ಒಳ್ಳೆ ಹೆಂಗಸು. ಬಾಯಿ ಸ್ವಲ್ಪ ಜೋರು."

ಒಳಗೆ ಪಾತ್ರೆಯೊಂದು ನೆಲಕ್ಕೆ ಬಿದ್ದ ಸದ್ದಾಯಿತು. ಫಿಂಚ್ ಗಡಿಯಾರ ನೋಡಿಕೊಂಡು ದಿಗ್ಗನೆ ಎದ್ದ. ರೈಲ್ವೆ ಕಚೇರಿಯಲ್ಲಿ ಅವನಿಗೆ ಕೆಲಸ, ರಜೆ ಮುಗಿದಿತ್ತು. ಅನತೋಲ್ "ಸರ್, ಒಂದು ವಿಷಯ," ಎನ್ನುವಷ್ಟರಲ್ಲಿ ಕಾರು ಬೀದಿಯ ತಿರುವು ದಾಟಿತ್ತು.

ಸೆಪ್ಟೆಂಬರಿನಲ್ಲಿ ಅನತೋಲನ ಸಾವು ಅಚ್ಚಾಗಿ ಬಂತು. ಫಿಂಚ್ ರೆಕಾರ್ಡುಪ್ರಿಯರ ಪತ್ರಿಕೆಯೊಂದರಲ್ಲಿ ಹನ್ನೊಂದು ಪುಟ ಬರೆದು, ಒಂದು ಪ್ರತಿಯನ್ನು ಅನತೋಲ್ ಸದಸ್ಯನಾಗಿದ್ದ ಪ್ರಾಮಾಣಿಕ ಮಿತ್ರರ ಕಷ್ಟಸುಖ ಸಂಘಕ್ಕೆ ಕಳಿಸಿದ್ದ. ಟ್ರೆಮೆಯಲ್ಲಿ ಒಂದಾದರೂ ಸಂಘಕ್ಕೆ ಸೇರದ ಗಂಡಸಿಲ್ಲ. ಕಾಯಿಲೆ ಬಿದ್ದರೆ ವೈದ್ಯರು, ಸತ್ತರೆ ಸಂಘದ ಗೋರಿಯಲ್ಲಿ ಜಾಗ, ಹತ್ತು ಜನರ ಬ್ಯಾಂಡು. ಸ್ಮಶಾನಕ್ಕೆ ಹೋಗುವಾಗ ನಿಧಾನದ ಶೋಕಗೀತೆ, ವಾಪಸು ಬರುವಾಗ ಬೀದಿಯೆಲ್ಲ ಕುಣಿಯುವಂಥ ಹಾಡು. ಆ ಹತ್ತು ಜನರ ಬ್ಯಾಂಡಿಗಾಗಿಯೇ ಅನೇಕರು ಬದುಕುತ್ತಿದ್ದರು.

ಕಾರ್ಯದರ್ಶಿ ಹೊನೋರೆ ಸಭೆಯಲ್ಲಿ ಕನ್ನಡಕ ಏರಿಸಿ, ಹನ್ನೊಂದು ಪುಟವನ್ನೂ ಓದಿದ. ಅದರಲ್ಲಿ ಮೂರು ಪುಟ ಒಂದೇ ವಿಷಯದ ಮೇಲಿತ್ತು. ಎರಡನೇ ಸುತ್ತಿನಲ್ಲಿ ಎಲ್ಲರೂ ತಾಳಕ್ಕೆ ಸರಿಯಾಗಿ ಬಂದರೆ ಡುವರ್ನೆ ಮಾತ್ರ ಅರ್ಧ ಉಸಿರು ತಡವಾಗಿ ಬರುತ್ತಾನೆ, ಆ ಅರ್ಧ ಉಸಿರಿನಲ್ಲಿ ಒಂದು ಜನಾಂಗದ ನಿಟ್ಟುಸಿರೇ ಅಡಗಿದೆ ಎಂದು ಫಿಂಚ್ ಬರೆದಿದ್ದ.

"ನಾನು ತಡವಾಗಿ ಬಂದಿದ್ನಾ?" ಎಂದು ಅನತೋಲ್ ಪಕ್ಕದವನನ್ನು ಕೇಳಿದ.

"ಸತ್ತೋರು ಮಾತಾಡ್ಬಾರ್ದು," ಎಂದ ಹೊನೋರೆ. "ಈಗ ವಿಷಯಕ್ಕೆ ಬರೋಣ. ಫಿಂಚ್ ಸಾಹೇಬ್ರು ಕಾಗದ ಬರೆದಿದಾರೆ. ಬ್ರದರ್ ಡುವರ್ನೆಗೆ ಸಂಘ ಬ್ಯಾಂಡು ಕೊಟ್ಟಿತ್ತಾ ಅಂತ ಕೇಳ್ತಾರೆ. ಕೊಟ್ಟಿಲ್ಲ ಅಂದ್ರೆ, ನವೆಂಬರ್ ಒಂದನೇ ತಾರೀಕು, ಸರ್ವ ಸಂತರ ಹಬ್ಬದ ದಿನ ಕೊಡೋದಾದ್ರೆ, ಮೆರವಣಿಗೆ ಪೂರ್ತಿ ರೆಕಾರ್ಡ್ ಮಾಡ್ತಾರಂತೆ. ಸಂಘದ ಹೆಸರೂ ತಟ್ಟೆ ಮೇಲೆ ಬರುತ್ತೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಅನತೋಲ್ ಎದ್ದು ನಿಂತ. "ಹೊನೋರೆ, ನಾನು ಇಲ್ಲೇ ಇದೀನಲ್ಲಯ್ಯಾ."

"ನೀನು ಬದುಕಿರೋದು ನನಗೆ ಗೊತ್ತು ಬ್ರದರ್. ಸಂಘಕ್ಕೆ ಗೊತ್ತಿಲ್ಲ. ಅಚ್ಚಾಗಿರೋ ಕಾಗದ ನನ್ನ ಕೈಲಿದೆ. ನೀನು ಬದುಕಿದೀಯ ಅಂತ ಅಚ್ಚಾಗಿರೋ ಕಾಗದ ನಿನ್ನ ಹತ್ರ ಏನಾದ್ರೂ ಇದೆಯಾ?"

ಇರಲಿಲ್ಲ. ಓಟಿಗೆ ಹಾಕಿದರು. ಮೂವತ್ತೇಳು ಜನ ಮೆರವಣಿಗೆಯ ಪರ, ಒಬ್ಬ ವಿರೋಧ. ಸತ್ತವರಿಗೆ ಓಟಿಲ್ಲವೆಂಬ ಕಾರಣಕ್ಕೆ ಆ ಒಂದು ಓಟನ್ನು ತಳ್ಳಿಹಾಕಿ, ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತೆಂದು ಹೊನೋರೆ ಬರೆದುಕೊಂಡ. ಆಮೇಲೆ ಹದಿನಾಲ್ಕನೇ ನಿಯಮವನ್ನು ಓದಿ ಹೇಳಿದ. ಒಬ್ಬ ಸದಸ್ಯನಿಗೆ ಒಂದೇ ಬ್ಯಾಂಡು.

ಫಿಂಚ್ ಮತ್ತೆ ಬಂದದ್ದು ಅಕ್ಟೋಬರಿನ ಕೊನೆಯ ವಾರ. ಅನತೋಲ್ ಈ ಸಲ ಹೊತ್ತು ಹಾಕಲಿಲ್ಲ. ಕಾರು ನಿಲ್ಲುವ ಮೊದಲೇ ಅದರ ಕಿಟಕಿಗೆ ಮುಖ ಕೊಟ್ಟ.

"ಸರ್, ನಾನೇ ಅನತೋಲ್ ಡುವರ್ನೆ. ಸತ್ತಿಲ್ಲ. ಅವತ್ತು ಸುಳ್ಳು ಹೇಳ್ದೆ."

ಫಿಂಚ್ ಅವನ ಹೆಗಲ ಮೇಲೆ ಕೈಯಿಟ್ಟ. "ಫೆಲಿಕ್ಸ್ ಅವರೇ, ನಿಮ್ಮ ನೋವು ನನಗೆ ಅರ್ಥ ಆಗುತ್ತೆ."

"ಬೇಕಾದ್ರೆ ಓಡಿಲ್‌ನ ಕೇಳಿ."

"ಹೌದು ಸರ್, ಇವನೇ ಅನತೋಲು," ಎಂದಳು ಮಿಸ್ ಓಡಿಲ್.

"ಅವತ್ತು ಹಾರ ಕಳಿಸಿದ್ದೆ ಅಂದ್ರಲ್ಲ ಮೇಡಂ?"

ಮಿಸ್ ಓಡಿಲ್ ಹುರುಳಿಕಾಯಿಯ ಕಡೆ ನೋಡಿದಳು. "ಬಣ್ಣ ಕೂಡ ನೆನಪಿದೆ," ಎಂದಳು. ಮಾತಿಗೆ ತಪ್ಪುವ ಹೆಂಗಸಲ್ಲ ಅವಳು.

ಯೂಲಾಲಿ ಸೊಂಟದ ಮೇಲೆ ಕೈಯಿಟ್ಟು ಹೊರಗೆ ಬಂದಳು. "ಸ್ವಾಮಿ, ಇಪ್ಪತ್ತೆಂಟು ವರ್ಷ ಇವನ ಜೊತೆ ಬಾಳಿದೀನಿ. ಇವನೇ ನನ್ನ ಗಂಡ."

"ಒಳ್ಳೆ ಸಾವು, ಯಾರಿಗೂ ತೊಂದರೆ ಕೊಡಲಿಲ್ಲ ಅಂತ ಒಳಗಿಂದ ಹೇಳಿದ್ದು ನೀವೇ ತಾನೇ?" ಎಂದ ಫಿಂಚ್ ಬಹಳ ಮೃದುವಾಗಿ.

ಬೀದಿಗೆ ಬೀದಿಯೇ ಸುಳ್ಳುಸಾಕ್ಷಿಯಾಗಿತ್ತು. ಉಳಿದದ್ದು ಒಂದೇ ದಾರಿ. ಅನತೋಲ್ ಒಳಗೆ ಹೋಗಿ ಪೆಟ್ಟಿಗೆಯಿಂದ ಕಾರ್ನೆಟ್ ತೆಗೆದ. ರೆಕಾರ್ಡಿನ ಅದೇ ಹಾಡನ್ನು, ಮುಂದಿನ ಕೋಣೆಯ ನಡುವೆ ನಿಂತು ಊದಿದ. ಅಯ್ಯೋ, ಎಂಥ ಊದು. ಕಿಟಕಿಯ ಗಾಜುಗಳು ನಡುಗಿದವು. ಬೀದಿಯ ಹೇಸರಗತ್ತೆ ನಿಂತು ಕಿವಿ ನಿಮಿರಿಸಿತು. ಯೂಲಾಲಿಗೆ ಮದುವೆಗೆ ಮುಂಚಿನ ಭಾನುವಾರಗಳು ನೆನಪಾಗಿ ಸೆರಗು ಇಲ್ಲದೆ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು. ಒಂದು ತಾಳ ಅತ್ತಿತ್ತ ಆಗದಂತೆ, ಗೋಡೆಗೆ ತೂಗುಗುಂಡು ಹಿಡಿದು ಗಾರೆ ಹಾಕಿದಷ್ಟು ನೇರವಾಗಿ ಊದಿ ಮುಗಿಸಿದ.

ಫಿಂಚ್ ತಲೆಯಾಡಿಸಿದ. "ಚೆನ್ನಾಗಿ ಊದ್ತೀರಿ. ಆದ್ರೆ ನೀವು ಅವರಲ್ಲ. ಎರಡನೇ ಸುತ್ತಿಗೆ ನೀವು ಹೊತ್ತಿಗೆ ಸರಿಯಾಗಿ ಬಂದ್ರಿ. ಡುವರ್ನೆ ಅರ್ಧ ಉಸಿರು ತಡ."

"ಅಷ್ಟೇ ತಾನೆ? ತಡವಾಗಿ ಬರ್ತೀನಿ ತಾಳಿ," ಎಂದ ಅನತೋಲ್.

ಮನುಷ್ಯ ಲೋಕದಲ್ಲಿ ಯಾರನ್ನು ಬೇಕಾದರೂ ಅನುಕರಿಸಬಹುದು, ತನ್ನನ್ನು ಬಿಟ್ಟು. ಮೊದಲ ಸಲ ಪೂರ್ತಿ ಒಂದು ಉಸಿರು ತಡವಾಯಿತು. ಎರಡನೇ ಸಲ ಕಾಲು ಉಸಿರು ಮೊದಲೇ ಬಂದ. ಆಮೇಲೆ ಬೆರಳು ಮಡಿಸಿ ಎಣಿಸುತ್ತ ಊದಲು ಹೋಗಿ ಗುಂಡಿ ಒತ್ತುವ ಬೆರಳೇ ಮರೆಯಿತು. ಸಂಜೆಯವರೆಗೆ ಇಪ್ಪತ್ತೆರಡು ಸಲ ಊದಿದ. ಮಿಸ್ ಓಡಿಲ್ ಕಿಟಕಿ ಮುಚ್ಚಿಕೊಂಡಳು. ಫಿಂಚ್ ಹೊರಡುವಾಗ, "ಪ್ರೀತಿ ನಿಮ್ಮ ಕೈಲಿ ಇದನ್ನೆಲ್ಲ ಮಾಡಿಸ್ತಿದೆ. ನಾಳಿದ್ದು ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನೀವೇ ನಡೀಬೇಕು," ಎಂದ. "ಗೋರಿ ಎಲ್ಲಿದೆ, ಹೂವಿಟ್ಟು ಬರ್ತೀನಿ," ಎಂದೂ ಕೇಳಿದ.

ಗೋರಿಯೊಂದು ಬೇಕಾಯಿತು. ಹಬ್ಬಕ್ಕೆ ಗೋರಿಗಳಿಗೆಲ್ಲ ಸುಣ್ಣ ಬಳಿಯುವ ಕಾಲ, ಸಂಘದ ಗೋರಿಯನ್ನು ಗಾರೆ ಮಾಡಿ ಸುಣ್ಣ ಬಳಿಯುವ ಕೆಲಸ ಪ್ರತಿವರ್ಷವೂ ಅನತೋಲನದೇ. ಅವನು ಹಬ್ಬದ ಹಿಂದಿನ ದಿನ ಹೋಗಿ, ಹಸಿ ಗಾರೆಯಲ್ಲಿ ಮೊಳೆಯ ತುದಿಯಿಂದ ತನ್ನ ಹೆಸರನ್ನು ತಾನೇ ಕೊರೆದ. ಅಕ್ಷರ ಸೊಗಸಾಗಿ ಬಂದವು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ತಟ್ಟೆಯ ಮೇಲೆ ಬರಬೇಕಿದ್ದ ಹೆಸರು ಗೋರಿಯ ಮೇಲೆ ಬಂತಲ್ಲ ಎಂದು ಅವನಿಗೆ ನಿಜಕ್ಕೂ ದುಃಖವಾಯಿತು.

ನವೆಂಬರ್ ಒಂದರಂದು ಟ್ರೆಮೆಗೆ ಟ್ರೆಮೆಯೇ ಬೀದಿಗಿಳಿದಿತ್ತು. ಅಷ್ಟು ಜನ ಬರುತ್ತಾರೆಂದು ಗೊತ್ತಿದ್ದರೆ ಇನ್ನೂ ಮೊದಲೇ ಸಾಯುತ್ತಿದ್ದೆ ಎಂದುಕೊಂಡ ಅನತೋಲ್. ಎಲ್ಲರಿಗಿಂತ ಮುಂದೆ ಅವನು, ಅವನ ಬೆನ್ನಿಗೆ ಎದೆಗೆ ಅಡ್ಡಲಾಗಿ ಸಂಘದ ಪಟ್ಟಿ ಧರಿಸಿದ ಹೊನೋರೆ, ಹಿಂದೆ ಹತ್ತು ಜನರ ಬ್ಯಾಂಡು, ಪಕ್ಕದಲ್ಲಿ ನಿಧಾನವಾಗಿ ಚಲಿಸುವ ಲಾರಿ. ಲಾರಿಯ ಮೇಲೆ ಯಂತ್ರ, ಯಂತ್ರದ ಮುಂದೆ ಕಿವಿಗೆ ಹೆಡ್‌ಫೋನನ್ನು ಸಿಕ್ಕಿಸಿಕೊಂಡ ಫಿಂಚ್. ಯೂಲಾಲಿ ಕಪ್ಪು ಉಡುಪಿನಲ್ಲಿ ಚೆನ್ನಾಗಿ ಕಾಣುತ್ತಿದ್ದಳು. ಬಂದವರೆಲ್ಲ ಅವಳ ಕೈ ಹಿಡಿದು ಸಂತಾಪ ಹೇಳಿ, ಮುಂದೆ ಹೋಗಿ ಅನತೋಲನ ಕೈಯನ್ನೂ ಕುಲುಕಿ ಅವನಿಗೂ ಸಂತಾಪ ಹೇಳಿದರು.

ಗೋರಿಯ ಮುಂದೆ ಹೊನೋರೆ ಭಾಷಣ ಮಾಡಿದ. ದಿವಂಗತ ಡುವರ್ನೆ ಸಂಘದ ಒಂದು ಸಭೆಯನ್ನೂ ತಪ್ಪಿಸಿಕೊಂಡವನಲ್ಲ, ಇತ್ತೀಚಿನ ಸಭೆಗೂ ಬಂದಿದ್ದ ಎಂದ. ಫಿಂಚ್‌ಗೆ ಇದು ಭಕ್ತಿಯ ಮಾತಾಗಿ ಕೇಳಿಸಿ ಮತ್ತೆ ಕರವಸ್ತ್ರ ತೆಗೆದ.

ಇನ್ನು ವಾಪಸು ಹೊರಡುವ ಹೊತ್ತು. ಡೋಲಿನವನು ಡೋಲಿನ ಬಿಗಿ ಹೆಚ್ಚಿಸಿದ, ಜನ ಛತ್ರಿ ಬಿಚ್ಚಿ ಕುಣಿಯಲು ಸಿದ್ಧರಾದರು. ರೆಕಾರ್ಡಿನ ಅದೇ ಹಾಡು ಭರ್ಜರಿಯಾಗಿ ಶುರುವಾಯಿತು. ಬ್ಯಾಂಡಿನ ಕಾರ್ನೆಟ್‌ನವನು ರೂಫಸ್. ಹಬ್ಬದ ದಿನವಾದ್ದರಿಂದ ಬೆಳಗಿನಿಂದ ಬೇರೆ ಮೂರು ಸಂಘಗಳಿಗೆ ಊದಿ ಅವನ ತುಟಿ ಊದಿಕೊಂಡಿತ್ತು. ಒಂದನೇ ಸುತ್ತನ್ನು ಹೇಗೋ ಎಳೆದ.

ಸ್ಮಶಾನದ ಬಾಗಿಲಲ್ಲಿ ಮಿಸ್ ಓಡಿಲ್ ಪ್ರಲೀನ್ ಮಾರುತ್ತ ಕೂತಿದ್ದಳು. ಬೆಲ್ಲದ ಬಣ್ಣದ ಪಾಕದಲ್ಲಿ ಪೀಕನ್ ಬೀಜ ಹಾಕಿ ಮಾಡಿದ ಆ ಮಿಠಾಯಿ ಒಮ್ಮೆ ಹಲ್ಲಿಗೆ ಕಚ್ಚಿದರೆ ಸಾಮಾನ್ಯಕ್ಕೆ ಬಿಡುವುದಿಲ್ಲ. ಹಿರಿಯ ನೆರೆಯವನನ್ನು ಕಿಟಕಿ ಮುಚ್ಚಿ ನೋಯಿಸಿದೆನೆಂಬ ಕಳವಳ ಅವಳಿಗಿತ್ತು. "ಪಾಪ, ಬೆಳಗಿಂದ ಏನೂ ತಿಂದಿಲ್ಲ ನೀನು. ಸತ್ತೋರ ಮನೇಲಿ ಯಾರು ಒಲೆ ಹಚ್ತಾರೆ," ಎಂದು ಅನತೋಲ್ ಹಾದುಹೋಗುವಾಗ ದೊಡ್ಡದೊಂದು ಪ್ರಲೀನನ್ನು ಅವನ ಬಾಯಿಗೆ ತುರುಕಿದಳು.

ಅದೇ ಹೊತ್ತಿಗೆ ರೂಫಸ್ ತಿರುಗಿ, "ನನ್ನ ಕೈಲಾಗಲ್ಲ, ಒಂದು ಸುತ್ತು ನೀನು ಊದಪ್ಪ," ಎಂದು ಕಾರ್ನೆಟ್ಟನ್ನು ಅವನ ಕೈಗಿಟ್ಟ.

ಎರಡನೇ ಸುತ್ತು ಬಂದೇಬಿಟ್ಟಿತು. ಟ್ರಾಂಬೋನ್ ಬಂತು, ಕ್ಲಾರಿನೆಟ್ ಬಂತು, ಡೋಲು ಬಂತು. ಅನತೋಲ್ ಬರಲಿಲ್ಲ. ಅವನ ನಾಲಗೆ ಪ್ರಲೀನಿನ ಕೆಳಗೆ ಸಿಕ್ಕಿತ್ತು. ಕಣ್ಣು ಅಗಲಿಸಿ, ಕತ್ತು ಉದ್ದ ಮಾಡಿ, ಇಡೀ ಮಿಠಾಯಿಯನ್ನು ಒಂದೇ ಗುಟುಕಿಗೆ ನುಂಗಿ, ಕಾರ್ನೆಟ್ಟನ್ನು ತುಟಿಗೊತ್ತಿ ಊದಿದ.

ಅರ್ಧ ಉಸಿರು ತಡವಾಗಿತ್ತು.

ಲಾರಿಯ ಮೇಲೆ ಫಿಂಚ್ ಎದ್ದು ನಿಂತ. ಹೆಡ್‌ಫೋನು ಕಿವಿಯಿಂದ ಜಾರಿ ಕೊರಳಿಗೆ ಬಿತ್ತು. "ನಿಲ್ಲಿಸಬೇಡಿ, ಊದ್ತಾ ಇರಿ," ಎಂದು ಕೂಗಿದ. "ಡುವರ್ನೆ ಅವರೇ, ಊದ್ತಾ ಇರಿ. ತಟ್ಟೆ ಓಡ್ತಾ ಇದೆ."

ಡುವರ್ನೆ ಅವರೇ ಎಂಬ ಮಾತು ಅನತೋಲನ ಕಿವಿಗೆ ಬಿತ್ತು. ಆಮೇಲೆ ಅವನು ಊದಿದ್ದನ್ನು ಆ ಕೇರಿಯವರು ಇವತ್ತಿಗೂ ಹೇಳುತ್ತಾರೆ. ಮುದುಕಿಯರು ಗೋರಿಗಳ ನಡುವೆ ಕುಣಿದರು. ಹೊನೋರೆ ಪಟ್ಟಿಯನ್ನು ತಲೆಗೆ ಸುತ್ತಿಕೊಂಡು ಕುಣಿದ. ಪಾದ್ರಿಗಳು ಕುಣಿಯಲಿಲ್ಲ, ಆದರೆ ಅವರ ಬೂಟು ಕುಣಿಯಿತು. ತಟ್ಟೆ ಮುಗಿಯುವವರೆಗೆ, ಮುಗಿದ ಮೇಲೂ ನಾಲ್ಕು ಬೀದಿಯವರೆಗೆ ಅನತೋಲ್ ಕಾರ್ನೆಟ್ ಕೆಳಗಿಳಿಸಲಿಲ್ಲ.

"ಅವತ್ತು ಅಂಗಡಿ ಮಹಡಿಯಲ್ಲಿ ಯಾಕೆ ತಡ ಮಾಡಿದ್ರಿ?" ಎಂದು ಕೊನೆಗೆ ಫಿಂಚ್ ಅವನೆರಡೂ ಕೈ ಹಿಡಿದು ಕೇಳಿದ. "ಆ ಅರ್ಧ ಉಸಿರಲ್ಲಿ ಏನಿತ್ತು?"

ಅನತೋಲ್ ತಲೆ ಕೆರೆದುಕೊಂಡ. ಉತ್ತರ ಕೊಟ್ಟವಳು ಯೂಲಾಲಿ. "ನಾನು ಕಟ್ಕೊಟ್ಟಿದ್ದ ಬುತ್ತಿ ಇತ್ತು. ಬ್ರೆಡ್ಡಲ್ಲಿ ಹುರಿದ ಸಿಂಪಿಯ ಮಾಂಸ ಇಟ್ಟು ಕೊಟ್ಟಿದ್ದೆ. ಓಣೀಲಿ ನಿಲ್ಸಿದ್ರಲ್ಲ, ಯಾರಿಗೂ ಕಾಣ್ಸಲ್ಲ ಅಂತ ತಿಂತಾ ನಿಂತಿರ್ತಾನೆ."

ಫಿಂಚ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಪೆನ್ಸಿಲ್ ತೆಗೆದ, ವಾಪಸು ಜೇಬಿಗೆ ಹಾಕಿಕೊಂಡ.

ಮಾರ್ಚ್ ತಿಂಗಳಲ್ಲಿ ರೆಕಾರ್ಡು ಬಂತು. ನಡುವಿನ ದುಂಡನೆಯ ಕಾಗದದ ಮೇಲೆ ಕೆಂಪು ಅಕ್ಷರದಲ್ಲಿ ಅನತೋಲ್ ಡುವರ್ನೆ, ಕಾರ್ನೆಟ್ ಎಂದಿತ್ತು. ಅನತೋಲ್ ಆ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದ. ಓದಲು ಬಾರದವನಂತೆ ಒಂದೊಂದೇ ಅಕ್ಷರ ಓದಿದ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮರಣೋತ್ತರ ಎಂದೂ ಇತ್ತು. ಪತ್ರಿಕೆಯಲ್ಲಿ ಬಂದದ್ದನ್ನು ನಂಬಿ ಅಚ್ಚಿನವನು ತನ್ನ ಕರ್ತವ್ಯ ಮಾಡಿದ್ದ. ಫಿಂಚ್ ಕ್ಷಮೆ ಕೇಳಿ ನಾಲ್ಕು ಪುಟದ ಕಾಗದ ಬರೆದಿದ್ದ, ಅನತೋಲ್ ಅದನ್ನು ಬಿಡಿಸಿಯೂ ನೋಡಲಿಲ್ಲ.

ಮಿಸ್ ಓಡಿಲಳ ಗ್ರಾಮಫೋನನ್ನು ಮೆಟ್ಟಿಲ ಮೇಲೆ ತಂದಿಟ್ಟು ಬೀದಿಯೆಲ್ಲ ಸೇರಿ ಕೇಳಿತು. ಹಾಡು ಮುಗಿದ ಮೇಲೆ ಹೊನೋರೆ ಗಂಟಲು ಸರಿಮಾಡಿಕೊಂಡ.

"ಬ್ರದರ್ ಡುವರ್ನೆ, ಸಂತೋಷದ ವೇಳೆಯಲ್ಲಿ ಹೇಳ್ಬಾರ್ದು. ಆದ್ರೂ ಹದಿನಾಲ್ಕನೇ ನಿಯಮದ ಪ್ರಕಾರ ನಿನ್ನ ಬ್ಯಾಂಡು ಮುಗೀತು. ಮುಂದೆ ನೀನು ನಿಜವಾಗಿ ಹೋದಾಗ ಸಂಘದಿಂದ ಏನೂ ಮಾಡೋಕಾಗಲ್ಲ. ಬೇಕಾದ್ರೆ ಈ ತಟ್ಟೆ ಹಾಕ್ತೀವಿ."

ಅನತೋಲನಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನ ಮುಖ ಅರಳಿತು. "ಅಂದ್ರೆ, ನನ್ನ ಮೆರವಣಿಗೇಲಿ ನಾನೇ ಊದ್ತೀನಿ ಅನ್ನು."

"ಊದ್ತೀಯ, ಊದ್ತೀಯ. ಅಲ್ಲಿಗೂ ತಡವಾಗೇ ಬರ್ತೀಯ," ಎಂದಳು ಯೂಲಾಲಿ. ತಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು ಏಪ್ರನ್ನಿನಿಂದ ಜೋಪಾನವಾಗಿ ಒರೆಸಿದಳು. "ತಡವಾಗೇ ಬಾ, ಪರವಾಗಿಲ್ಲ. ಎಷ್ಟು ತಡ ಆದ್ರೂ ನನಗೇನೂ ಬೇಜಾರಿಲ್ಲ."